ಬಸುರಿಯೊಡನೆ ಪಯಣ

ಬಸುರು-ಬಾಣಂತನಗಳನ್ನು ಕುರಿತು ಮಾತನಾಡಲು ವೈದ್ಯರಿರುವಾಗ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಏನು ಅಧಿಕಾರವೆಂದು ಶ್ರೋತೃಗಳು ಕೇಳಬಹುದು. ಅಧಿಕಾರವೇನೂ ಇಲ್ಲ, ಮಾಡಿದ ಒಂದು ತಪ್ಪಿನ ಅನುಭವವಿದೆ. ಅಲ್ಲಿಂದಲೇ ತೊಡಗುತ್ತೇನೆ.

1988ರ ದಸರಾ ರಜೆ. ನನ್ನ ಪತ್ನಿಗೆ ಆಗ ಆರು ತಿಂಗಳು. ಮಲೆನಾಡಿನ ನಾಲ್ಕಾರು ಕ್ಷೇತ್ರಗಳನ್ನು ನೋಡಿಕೊಂಡು ಬರೋಣವೆಂದು ಬಸ್ಸಿನಲ್ಲಿ ಹೊರಟೆವು. ಮಳೆ ಆಗತಾನೆ ಹಿಂದೆ ಸರಿದಿತ್ತು. ಹಾದಿಯುದ್ದಕ್ಕೂ ಕಾಡಿನ ಹಸುರನ್ನು ನಾನು ವರ್ಣಿಸುತ್ತಲೇ ಇದ್ದೆ. ಆಕೆ ಹೆಚ್ಚು ಮಾತನಾಡಲಿಲ್ಲ. ಮನೆಯಿಂದ ತಂದ ನೀರನ್ನು ಮುಟ್ಟಲಿಲ್ಲ. ಬಾಯಾರಿಕೆಯಿಲ್ಲವೆಂದಳು, ನಾನು ನಂಬಿದೆ. ಮೂರನೆಯ ರಾತ್ರಿ ಚಳಿಜ್ವರ, ಸೊಂಟದಿಂದ ಕೆಳಹೊಟ್ಟೆಯವರೆಗೆ ನೋವು. ಮೂತ್ರದ ಸೋಂಕು ಎಂದರು ವೈದ್ಯರು. ಅಲಕ್ಷ್ಯ ಮಾಡಿದರೆ ಅದು ಮೂತ್ರಪಿಂಡಕ್ಕೇರಿ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದೆಂದೂ ಹೇಳಿದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಆಕೆ ನಿಜವನ್ನು ತಿಳಿಸಿದಳು. ದಾರಿಯ ನಿಲ್ದಾಣಗಳಲ್ಲಿ ಹೆಂಗಸರು ಕಾಲಿಡುವಂಥ ಶೌಚಾಲಯಗಳಿರಲಿಲ್ಲ. ನೀರು ಕುಡಿದರೆ ತಾನೆ ಆ ಚಿಂತೆ? ಕುಡಿಯದೆಯೇ ಇದ್ದುಬಿಟ್ಟಳು. ಮೂರು ದಿನ ಪಕ್ಕದಲ್ಲೇ ಕುಳಿತಿದ್ದ ನನಗೆ ಇದು ತಿಳಿದಿರಲಿಲ್ಲ.

ಆ ವರ್ಷಗಳಲ್ಲಿ ನಾನು ತರಗತಿಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗವನ್ನು ಪಾಠ ಹೇಳುತ್ತಿದ್ದೆ. ಗಂಗಾತೀರದ ತಪೋವನಗಳನ್ನು ಕಾಣಬೇಕೆಂಬುದು ಬಸುರಿ ಸೀತೆಯ ಬಯಕೆ. ಆ ಬಯಕೆಯನ್ನೇ ನೆಪಮಾಡಿಕೊಂಡು ಲಕ್ಷ್ಮಣ ಅವಳನ್ನು ರಥದಲ್ಲಿ ಕರೆದೊಯ್ದು ಕಾಡಿನಲ್ಲಿ ಬಿಟ್ಟುಬರುತ್ತಾನೆ. ಕರುಣರಸವನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದ ನನಗೆ, ಆ ರಥದ ಕುಲುಕಾಟದಲ್ಲಿ ಆಕೆಯ ಸೊಂಟ ಎಷ್ಟು ನೊಂದಿರಬೇಕೆಂಬ ಯೋಚನೆ ಒಮ್ಮೆಯೂ ಬರಲಿಲ್ಲ.

ಬಸುರಿ ಹೊಸ್ತಿಲು ದಾಟಬಾರದೆಂದು ಹೇಳುವವರು ಈಗಲೂ ಇದ್ದಾರೆ. ಆದರೆ ಹಾಗೆನ್ನುವ ಹಿರಿಯರೇ ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ, ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ ಮಗಳನ್ನು ತವರಿಗೆ ಕರೆತರುತ್ತಿದ್ದರಲ್ಲವೆ? ತೊಡಕಿಲ್ಲದ ಬಸುರಿಗೆ ಪ್ರಯಾಣ ನಿಷಿದ್ಧವಲ್ಲ. ವಾಕರಿಕೆ ತಗ್ಗಿ, ಹೊಟ್ಟೆಯ ಭಾರ ಇನ್ನೂ ಹೆಚ್ಚದಿರುವ ನಾಲ್ಕರಿಂದ ಆರನೆಯ ತಿಂಗಳ ಅವಧಿ ಅದಕ್ಕೆ ಎಲ್ಲಕ್ಕಿಂತ ಹಿತವಾದ ಕಾಲ. ಹಿಂದೆ ಅಕಾಲ ಹೆರಿಗೆಯಾಗಿದ್ದವರು, ರಕ್ತಸ್ರಾವ ಕಂಡವರು, ರಕ್ತದೊತ್ತಡ ಏರಿದವರು ಮಾತ್ರ ವೈದ್ಯರನ್ನು ಕೇಳದೆ ಹೊರಡಬಾರದು. ವಿಮಾನದವರು ಸಾಮಾನ್ಯವಾಗಿ 36 ವಾರಗಳ ಅನಂತರ ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ಮೊದಲೇ ವೈದ್ಯರ ಪತ್ರ ಕೇಳುವುದೂ ಉಂಟು.

ಮತ್ತೆ ನೀರಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ಗಂಡಸರು ತಿಳಿದಿರುವುದು ಕಡಮೆ. ಬಸುರಿನಲ್ಲಿ ಮೈಯ ರಕ್ತ ಹೆಚ್ಚುಕಡಮೆ ಅರ್ಧದಷ್ಟು ಹೆಚ್ಚುತ್ತದೆ. ಅಷ್ಟನ್ನು ಸೋಸುವ ಮೂತ್ರಪಿಂಡಗಳಿಗೆ ದುಡಿಮೆ ಹೆಚ್ಚು. ಬೆಳೆಯುವ ಗರ್ಭಕೋಶವು ಮೂತ್ರಕೋಶವನ್ನು ಒತ್ತುತ್ತದೆ. ಇವೆರಡರಿಂದಾಗಿ ಗಂಟೆಗೊಮ್ಮೆ ಏಳಬೇಕಾಗುವುದು ನಖರಾ ಅಲ್ಲ, ದೇಹಧರ್ಮ. ಮೂತ್ರನಾಳಗಳೂ ಆಗ ಸಡಿಲಗೊಂಡು ಮೂತ್ರ ನಿಂತುಬಿಡುವುದರಿಂದ ಸೋಂಕು ಸುಲಭವಾಗಿ ಮೇಲೇರುತ್ತದೆ. ನೀರು ಕುಡಿಯದೆ ತಡೆದುಕೊಂಡರಂತೂ ಅದಕ್ಕೆ ದಾರಿಯನ್ನೇ ಮಾಡಿಕೊಟ್ಟಂತೆ. ಹಾಗೆಂದು ಸಿಕ್ಕಿದ ನೀರೆಲ್ಲ ಆಗದು. ಮಲಿನ ನೀರಿನಿಂದ ಹರಡುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಎಂಬುದೊಂದಿದೆ. ಅನ್ಯರಿಗೆ ಬಹುಪಾಲು ತಾನಾಗಿ ವಾಸಿಯಾಗುವ ಆ ರೋಗ, ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಐವರಲ್ಲಿ ಒಬ್ಬಳ ಪ್ರಾಣವನ್ನೇ ತೆಗೆಯಬಲ್ಲದು. ಕುದಿಸಿ ಆರಿಸಿದ ಮನೆಯ ನೀರಿಗೆ ಸಮನಾದುದಿಲ್ಲ. ಜಾತ್ರೆಯ ಕಬ್ಬಿನ ಹಾಲು, ಹೆಚ್ಚಿಟ್ಟ ಹಣ್ಣು, ಪಾನಿಪೂರಿಗಳ ಮೇಲಿನ ಬಯಕೆಯನ್ನು ಮನೆಯಲ್ಲೇ ತೀರಿಸುವುದು ಲೇಸು. ಹೊಟ್ಟೆ ಬರಿದಾದಷ್ಟೂ ವಾಕರಿಕೆ ಹೆಚ್ಚುವುದರಿಂದ ಹುರಿಗಡಲೆ, ಅವಲಕ್ಕಿ, ಬಾಳೆಹಣ್ಣು ಕೈಚೀಲದಲ್ಲಿರಲಿ.

ಕೂರುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಬಸುರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ನಾಲ್ಕೈದು ಗಂಟೆ ಕಾಲು ಇಳಿಬಿಟ್ಟು ಕುಳಿತಲ್ಲೇ ಕುಳಿತರೆ ಮೀನಖಂಡದ ನರದಲ್ಲಿ ಗಡ್ಡೆ ಕಟ್ಟುವ ಭಯವುಂಟು. ಗಂಟೆ-ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಆಸನ ಬೇಡ. ರೈಲಿನಲ್ಲಿ ಬಸುರಿಯರಿಗೆ ಕೆಳಗಿನ ಬರ್ತಿನ ಮೀಸಲಾತಿಯಿದೆ, ಕೇಳುವವರೇ ಕಡಮೆ. ಕಾರಿನಲ್ಲಿ ಸೀಟ್‌ಬೆಲ್ಟನ್ನು ಹೊಟ್ಟೆಗೆ ಒತ್ತುತ್ತದೆಂದು ಬಿಡುವುದು ದೊಡ್ಡ ತಪ್ಪು: ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಸಂದಿನಲ್ಲಿ, ಮೇಲಿನದು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರಬೇಕು. ತಾಯಿ ಕಾರ್ಡ್ ಜೊತೆಗಿರಲಿ. ರಕ್ತ ಕಂಡರೆ, ನೀರು ಹೋದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಕೂಸಿನ ಚಲನೆ ಕುಗ್ಗಿದರೆ ಊರು ಮುಟ್ಟುವವರೆಗೆ ಕಾಯದೆ 108ಕ್ಕೆ ಕರೆಮಾಡಬೇಕು.

1988ರಲ್ಲಿ ಹೊಟ್ಟೆಯಲ್ಲಿದ್ದ ಮಗಳು ದಿನ ತುಂಬಿಯೇ ಹುಟ್ಟಿದಳು, ದೇವರು ದೊಡ್ಡವನು. 2023ರ ಡಿಸೆಂಬರಿನಲ್ಲಿ ಅವಳೇ ಐದು ತಿಂಗಳ ಬಸುರಿಯಾಗಿ, ಬೇಲೂರು ನೋಡಬೇಕೆಂದಳು. ಎಲ್ಲೆಲ್ಲಿ ನಿಲ್ಲಬೇಕು, ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಚೊಕ್ಕಟವಾಗಿದೆ ಎಂಬುದನ್ನೆಲ್ಲ ಫೋನಿನಲ್ಲಿ ಮೊದಲೇ ಗುರುತು ಮಾಡಿಕೊಂಡಿದ್ದಳು. ಹೀಗೆ ನಿಲ್ಲುತ್ತ ಹೋದರೆ ತಲುಪುವುದು ಎಂದಿಗೆಂದು, ಇಷ್ಟೆಲ್ಲ ಅರಿತ ಮೇಲೂ ನನ್ನ ಮನಸ್ಸು ಗೊಣಗಿತು! ಬಿಸಿಲೇರಿದರೆ ಗುಡಿಯ ಕಲ್ಲು ಬರಿಗಾಲನ್ನು ಸುಡುತ್ತದೆಂದು ಬೆಳಗ್ಗೆಯೇ ಹೋದೆವು. ಉಳಿದವರು ಸುತ್ತಿ ಬರುವಷ್ಟು ಹೊತ್ತು ಅವಳು ಮಡಿಚುವ ಸ್ಟೂಲಿನ ಮೇಲೆ ನೆರಳಿನಲ್ಲಿ ಕುಳಿತು, ಒಂದೇ ಒಂದು ಮದನಿಕೆಯನ್ನು ಮನದಣಿಯೆ ನೋಡಿದಳು. ನಾಲ್ಕು ಸಲ ಬೇಲೂರಿಗೆ ಹೋಗಿದ್ದ ನಾನು ಯಾವ ಶಿಲ್ಪವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

ಹಿಂದಿರುಗುವಾಗ ನನ್ನ ಪತ್ನಿ ನೀರಿನ ಬಾಟಲಿಯ ಮುಚ್ಚಳ ತೆರೆದು ಮಗಳ ಕೈಗಿತ್ತಳು. ಅವಳು ಅರ್ಧ ಬರಿದು ಮಾಡಿದಳು. ಆಮೇಲೆ ಇಬ್ಬರೂ ಏನೂ ಹೇಳದೆ ನನ್ನ ಕಡೆ ನೋಡಿದರು. ಮುಂದಿನ ಬಂಕಿನಲ್ಲಿ ನಿಲ್ಲಿಸುವಂತೆ ನಾನೇ ಡ್ರೈವರಿಗೆ ಹೇಳಿದೆ.