ಮುನಿಸಿಕೊಂಡ ಬ್ಲೂಟೂತ್

ಆಸ್ಪತ್ರೆಯಲ್ಲಿರುವ ತಾಯಿಯ ಸುದ್ದಿಗಾಗಿ ಕಾತರಿಸುತ್ತ ಕಾರು ನಡೆಸುವವನಿಗೆ ಕರೆ ಬರುತ್ತದೆ. ಕಾರಿನ ಧ್ವನಿವರ್ಧಕ ಮಾತ್ರ ಮೌನ! ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಮೊಬೈಲು ಹಿಡಿಯುವ ದುಸ್ಸಾಹಸಕ್ಕೆ ಆತ ಇಳಿಯುವುದು ಇಂಥ ಗಳಿಗೆಯಲ್ಲಿಯೇ.

10ನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನಿಗೆ 'ನೀಲಿಹಲ್ಲು' ಎಂಬ ಅಡ್ಡಹೆಸರಿತ್ತು. ನಾಡನ್ನು ಒಂದುಗೂಡಿಸಿದನೆಂದು ಕೀರ್ತಿವೆತ್ತ ಆತನ ಹೆಸರನ್ನು, ಯಂತ್ರಗಳನ್ನು ಒಂದುಗೂಡಿಸುವ ಈ ತಂತ್ರಕ್ಕೆ ಸೂಚಿಸಲಾಯಿತು. ಮೊದಲ ಪರಿಚಯದಲ್ಲಿಯೇ ಮೊಬೈಲೂ ಕಾರೂ ಒಂದು ಗುಪ್ತ ಕೀಲಿಯನ್ನು ರೂಪಿಸಿಕೊಂಡು ನೆನಪಿನಲ್ಲಿಡುತ್ತವೆ. ಒಂದು ಮರೆತು ಇನ್ನೊಂದು ಮರೆಯದಿದ್ದರೆ ಸಖ್ಯ ಕೂಡದು. ಆದುದರಿಂದ ಮೊಬೈಲಿನಲ್ಲಿ ಮಾತ್ರ ಕಾರಿನ ಹೆಸರನ್ನು ಅಳಿಸಿ ಹೆಣಗುವುದು ಅರ್ಧ ಕೆಲಸ. ಕಾರಿನ ಪಟ್ಟಿಯಿಂದಲೂ ಮೊಬೈಲಿನ ಹೆಸರನ್ನು ತೆಗೆದು, ಎರಡನ್ನೂ ಒಮ್ಮೆ ಆರಿಸಿ, ಹೊಸದಾಗಿ ಜೋಡಿಸಬೇಕು. ಮನೆಮಂದಿಯ ಹಳೆಯ ಮೊಬೈಲುಗಳಿಂದಲೇ ಆ ಪಟ್ಟಿ ತುಂಬಿದ್ದರೆ ಹೊಸತಕ್ಕೆ ಎಡೆಯಿರದು. ಪಕ್ಕದಲ್ಲಿ ಕುಳಿತ ಹೆಂಡತಿಯ ಮೊಬೈಲು ಮೊದಲೇ ಸೇರಿಕೊಂಡು, ಗಂಡನದು ಹೊರಗುಳಿಯುವುದೂ ಉಂಟು. ಇದಕ್ಕೆ ಗ್ಯಾರೇಜಿನವನಲ್ಲಿ ಮದ್ದಿಲ್ಲ!

ಮಾತು ಕೇಳಿಸಿ ಹಾಡು ಕೇಳಿಸದಿದ್ದರೆ ಗಾಬರಿ ಬೇಡ. ಕರೆಗೂ ಸಂಗೀತಕ್ಕೂ ಹಾದಿಗಳೇ ಬೇರೆ. ಹಲವು ಮೊಬೈಲುಗಳಲ್ಲಿ ಎರಡಕ್ಕೂ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ. ಚಲಿಸುತ್ತಿರುವಾಗ ಜೋಡಣೆಗೆ ಒಪ್ಪದ ಕಾರುಗಳೂ ಇವೆ. ಒಪ್ಪಿದರೂ, ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ ಮೇಲೆಯೇ ಈ ಕೆಲಸಕ್ಕೆ ತೊಡಗತಕ್ಕದ್ದು.