ಅಂಡಾಣುವಿನ ದೀರ್ಘ ನಿರೀಕ್ಷೆ

ಮಾನವನ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿರುವುವು. ಅಂಡಾಣು, ವೀರ್ಯಾಣುಗಳಲ್ಲಾದರೋ 23 ಮಾತ್ರ. ಈ ಅರ್ಧೀಕರಣದ ಕ್ರಿಯೆಯೇ ಮಿಯೋಸಿಸ್. ಇಲ್ಲಿ ವರ್ಣತಂತುಗಳು ಇಮ್ಮಡಿಸುವುದು ಒಮ್ಮೆ, ಕೋಶವು ವಿಭಜಿಸುವುದು ಎರಡು ಬಾರಿ. ತಂದೆತಾಯಿಗಳಿಂದ ಬಂದ ಸರಿಜೋಡಿಗಳು ಮೊದಲು ಒಂದನ್ನೊಂದು ಅಪ್ಪಿ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುವುವು. ಪ್ರಥಮ ವಿಭಜನೆಯಲ್ಲಿ ಜೋಡಿಗಳು ಅಗಲುವುವು, ದ್ವಿತೀಯದಲ್ಲಿ ಇಮ್ಮಡಿಸಿದ ಪ್ರತಿಗಳು.

ಸ್ತ್ರೀಯಲ್ಲಿ ಈ ಕ್ರಿಯೆ ಆಕೆ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗಿ, ಜೋಡಿಗಳು ಅಗಲುವ ಮುನ್ನವೇ ಸ್ತಬ್ಧವಾಗುವುದು! ಅಂಡಕೋಶವು ಹೀಗೆ 40 ವರ್ಷ ಕಾದಿರುವುದೂ ಉಂಟು. ಎರಡನೆಯ ವಿಭಜನೆ ಮುಗಿಯುವುದಂತೂ ವೀರ್ಯಾಣು ಒಳಹೊಕ್ಕ ಬಳಿಕವೇ. ಇಷ್ಟು ಕಾಲದಲ್ಲಿ ವರ್ಣತಂತುಗಳನ್ನು ಬಿಗಿದಿಟ್ಟ ಪ್ರೋಟೀನಿನ ಕಟ್ಟು ಸಡಿಲಗೊಂಡು ಹಂಚಿಕೆ ತಪ್ಪಿದರೆ ಆಶ್ಚರ್ಯವೇನು? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ವರ್ಣತಂತುಗಳಿರುವುದನ್ನು 1959ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಪ್ರಕಟಿಸಿದರು, ಹೆಚ್ಚಿನದು 21ನೆಯದು. ತಾಯಿಯ ವಯಸ್ಸು ಏರಿದಂತೆ ಇದರ ಸಂಭವವೂ ಏರುವುದು.