ಕರಿಬೇವು ಬೇವಲ್ಲ, ನಿಂಬೆಯ ಬಳಗ

ಕರಿಬೇವಿನ ಒಗ್ಗರಣೆ ಇಲ್ಲದೆ ನಮ್ಮ ಹೋಟೆಲುಗಳಲ್ಲಿ ಸಾಂಬಾರು, ಚಟ್ನಿ, ಉಪ್ಪಿಟ್ಟು ಯಾವುದೂ ಪೂರ್ತಿಯಾಗದು. ಆದರೆ ಈ ಗಿಡದ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಚೆನ್ನೈಯಲ್ಲಿ ಕರಿವೇಪ್ಪಿಲೈ, ಹೈದರಾಬಾದಿನಲ್ಲಿ ಕರಿವೇಪಾಕು, ದೆಹಲಿಯಲ್ಲಿ ಮೀಠಾ ನೀಮ್, ಹೀಗೆ ಎಲ್ಲದರಲ್ಲೂ ಬೇವು ಸೇರಿಕೊಂಡಿದೆ. ಮುಂಬಯಿ, ಪುಣೆಗಳ ‘ಕಡಿಪತ್ತಾ’ ಮಾತ್ರ ಬೇರೆ.

ಸಸ್ಯಶಾಸ್ತ್ರದ ಪ್ರಕಾರ ಕಹಿಬೇವು ಮೀಲಿಯೇಸಿ ಕುಟುಂಬದ ದೊಡ್ಡ ಮರ. ಕರಿಬೇವು ರೂಟೇಸಿ ಕುಟುಂಬದ ಪೊದೆ ಅಥವಾ ಸಣ್ಣ ಮರ. ನಿಂಬೆ, ಕಿತ್ತಳೆ, ಬಿಲ್ವ, ಬೇಲ ಇದರ ಬಂಧುಗಳು. ನಮ್ಮ ದೇಶದ್ದೇ ಆದ ಈ ಗಿಡ ಬಿಳಿಯ ಪರಿಮಳದ ಹೂಗೊಂಚಲು ಬಿಡುತ್ತದೆ. ಹಣ್ಣು ಮಾಗಿದಾಗ ಕಪ್ಪಾಗುತ್ತದೆ.

ಲಿನಿಯಸ್ 1771ರಲ್ಲಿ ಇದಕ್ಕೆ ಬರ್ಗೆರಾ ಕೋನಿಗಿಐ ಎಂದು ಹೆಸರಿಟ್ಟರು. ಕೋನಿಗ್ ಅವರ ಶಿಷ್ಯ. ತಮಿಳುನಾಡಿನ ತರಂಗಂಬಾಡಿಗೆ ಬಂದು ಇಲ್ಲಿನ ಗಿಡಗಳನ್ನು ಅಭ್ಯಾಸ ಮಾಡಿದವರು. ಮುಂದೆ ಗಿಡವನ್ನು ಮುರಾಯಾ ಕುಲಕ್ಕೆ ಸೇರಿಸಲಾಯಿತು. ಈಚಿನ ವಂಶವಾಹಿ ಅಧ್ಯಯನಗಳ ನಂತರ ಹಳೆಯ ಹೆಸರೇ ಮರಳಿದೆ. ಪುಸ್ತಕದಲ್ಲಾಗಲಿ ನರ್ಸರಿಯಲ್ಲಾಗಲಿ ಮುರಾಯಾ ಕೋನಿಗಿಐ ಎಂದು ಕಂಡರೂ ಗಿಡ ಇದೇ.

ಮುರಾಯಾ ಕುಲದಲ್ಲೇ ಉಳಿದಿರುವುದು ಕಾಮಿನಿ. ನಗರದ ಸೊಸೈಟಿಗಳ ಬೇಲಿಯಲ್ಲಿ ಇದನ್ನು ಬೆಳೆಸುತ್ತಾರೆ. ಅದರ ಎಲೆಯಲ್ಲಿ ಕರಿಬೇವಿನ ಘಮ ಇಲ್ಲ, ಹಣ್ಣು ಕೆಂಪು. ಅಡುಗೆಮನೆಯ ಹೊಸ ಹುಡುಗರಿಗೆ ಈ ವ್ಯತ್ಯಾಸ ತಿಳಿಸಿಡುವುದು ಒಳ್ಳೆಯದು. ಎಲೆ ಹಿಸುಕಿ ಮೂಸಿದರೆ ಸಂಶಯ ಉಳಿಯದು.

ಈ ಬಂಧುತ್ವದಿಂದ ನಮಗೆ ಪ್ರಯೋಜನವೇನು? ನಿಂಬೆ ಜಾತಿಯ ಗಿಡಗಳಂತೆ ಕರಿಬೇವಿನ ಎಲೆಯಲ್ಲೂ ಸಣ್ಣ ತೈಲಗ್ರಂಥಿಗಳಿವೆ. ಬೆಳಕಿಗೆ ಹಿಡಿದರೆ ಚುಕ್ಕೆಗಳಂತೆ ಕಾಣುತ್ತವೆ. ಘಮವೆಲ್ಲ ಆ ತೈಲದ್ದು, ಬೇಗ ಆವಿಯಾಗುವಂಥದು. ಆದ್ದರಿಂದ ಸೊಪ್ಪನ್ನು ಬಿಸಿಲಿಗೆ ಒಣಹಾಕಬಾರದು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಕೊನೆಗೆ ಹಾಕಬೇಕು.

ಇನ್ನೊಂದು ಮಾತು. ನಿಂಬೆಯ ಚಿಗುರಿನ ರಸ ಹೀರುವ ಸಿಲ್ಲಾ ಕೀಟ, ನಿಂಬೆ ಚಿಟ್ಟೆಯ ಹುಳು ಎರಡೂ ಕರಿಬೇವಿಗೂ ಬರುತ್ತವೆ. ಸಿಲ್ಲಾ ಕೀಟ ನಿಂಬೆ, ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುತ್ತದೆ. ಹೋಟೆಲಿನ ಹಿತ್ತಲಲ್ಲಿ ನಿಂಬೆಯ ಪಕ್ಕದಲ್ಲೇ ಕರಿಬೇವು ನೆಡದಿರುವುದು ಲೇಸು. ಈ ಕೀಟಗಳಿಗಾಗಿ ಬೆಳೆಗಾರರು ಔಷಧಿ ಹೊಡೆಯುವುದುಂಟು. ನೀರು ಚಿಮುಕಿಸಿ ಕಟ್ಟು ಬಿಚ್ಚಿದರೆ ಸಾಲದು. ಎಸಳು ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದೇ ಬಳಸೋಣ. ಗಿರಾಕಿ ಎಲೆಯನ್ನು ಬದಿಗಿಟ್ಟರೂ ಅದರ ಸಾರ ಸಾಂಬಾರಿನಲ್ಲೇ ಇರುತ್ತದೆ.